ಗಲ್ಫ್ ಬಿಟ್ಟು ಇಟಲಿ: ಹೊರಡುವ ಮೊದಲು ತಿಳಿಯಬೇಕಾದ ಸಂಗತಿಗಳು

ಸೌದಿಯಲ್ಲಿ ಸ್ವದೇಶಿಗಳಿಗೇ ಮೊದಲು ಕೆಲಸ ಎಂಬ ನೀತಿ ಗಟ್ಟಿಯಾದ ಮೇಲೆ ನಮ್ಮ ಹುಡುಗರ ಬಾಯಲ್ಲಿ ದಮ್ಮಾಮ್, ದುಬೈ ಜೊತೆಗೆ ಇಟಲಿಯ ಹೆಸರೂ ಬರತೊಡಗಿದೆ. ಇದು ಬರೀ ಗಾಳಿ ಮಾತಲ್ಲ. 2026ರಿಂದ 2028ರವರೆಗಿನ ಮೂರು ವರ್ಷಗಳಿಗೆ ಸುಮಾರು 5 ಲಕ್ಷ ವಿದೇಶಿ ಕಾರ್ಮಿಕರನ್ನು ಕರೆಸಿಕೊಳ್ಳಲು ಇಟಲಿ ಸರಕಾರ ತೀರ್ಮಾನಿಸಿದೆ. ಭಾರತದೊಂದಿಗೂ 2023ರ ನವೆಂಬರ್‌ನಲ್ಲಿ ವಲಸೆ ಒಪ್ಪಂದ ಮಾಡಿಕೊಂಡಿದೆ. ಅಲ್ಲಿ ಹುಟ್ಟುವ ಮಕ್ಕಳು ಕಡಿಮೆ, ವಯಸ್ಸಾದವರು ಜಾಸ್ತಿ. ಹೊಲಕ್ಕೆ, ಹೋಟೆಲಿಗೆ, ಮುದುಕರನ್ನು ನೋಡಿಕೊಳ್ಳಲಿಕ್ಕೆ ಜನ ಸಿಗುವುದಿಲ್ಲ.

ಆದರೆ ಒಂದು ಮಾತು ಏಜೆಂಟರು ಹೇಳುವುದಿಲ್ಲ. ಈ ಕೋಟಾಕ್ಕೆ ಅರ್ಜಿ ಹಾಕುವುದು ಕೆಲಸಕ್ಕೆ ಹೋಗುವವನಲ್ಲ, ಅಲ್ಲಿನ ಮಾಲಕ. ಗೊತ್ತು ಮಾಡಿದ ದಿನ ಅವನು ಕಂಪ್ಯೂಟರಿನಲ್ಲಿ ಅರ್ಜಿ ಒತ್ತಬೇಕು. ಅದಕ್ಕೆ ಅವರು 'ಕ್ಲಿಕ್ ಡೇ' ಎನ್ನುತ್ತಾರೆ. ಮಾಲಕನೇ ಇಲ್ಲದೆ, ಕಾಗದದ ಕಂಪೆನಿ ತೋರಿಸಿ ಅರ್ಜಿ ಹಾಕಿದವರು ಎಷ್ಟೋ ಮಂದಿ. ಈ ವ್ಯವಸ್ಥೆಯೊಳಗೆ ಮಾಫಿಯಾ ಸೇರಿಕೊಂಡಿದೆ ಎಂದು 2024ರ ಜೂನ್‌ನಲ್ಲಿ ಪ್ರಧಾನಿ ಜಾರ್ಜಿಯಾ ಮೆಲೊನಿಯವರೇ ಹೇಳಿದರು. ಲಕ್ಷಗಟ್ಟಲೆ ಕೊಟ್ಟು ಹೋದವನು ವಿಮಾನ ಇಳಿದಾಗ ಮಾಲಕನ ಪತ್ತೆಯೇ ಇರುವುದಿಲ್ಲ. ಅಲ್ಲಿಂದ ಮುಂದೆ ಅವನು ಕಾಗದವಿಲ್ಲದವನು.

ಕಾಗದವಿಲ್ಲದವನ ಬದುಕು ಎಂತಹದ್ದು? ರೋಮಿನ ದಕ್ಷಿಣಕ್ಕೆ ಲತೀನಾ ಎಂಬ ಕೃಷಿ ಜಿಲ್ಲೆಯಿದೆ. ಸಾವಿರಾರು ಪಂಜಾಬಿಗಳು ಅಲ್ಲಿ ತರಕಾರಿ ಹೊಲಗಳಲ್ಲಿ ದುಡಿಯುತ್ತಾರೆ. 2024ರ ಜೂನ್‌ನಲ್ಲಿ ಸತ್ನಾಮ್ ಸಿಂಗ್ ಎಂಬ 31ರ ಯುವಕನ ಕೈ ಯಂತ್ರಕ್ಕೆ ಸಿಕ್ಕಿ ತುಂಡಾಯಿತು. ಆಸ್ಪತ್ರೆಗೆ ಒಯ್ಯುವ ಬದಲು ಅವನನ್ನು ಮನೆ ಮುಂದೆ ಇಳಿಸಿ ಹೋದರು, ತುಂಡಾದ ಕೈಯನ್ನು ಹಣ್ಣಿನ ಪೆಟ್ಟಿಗೆಯಲ್ಲಿಟ್ಟು. ಎರಡು ದಿನಕ್ಕೆ ಅವನು ತೀರಿಕೊಂಡ. ಇಡೀ ಇಟಲಿ ಮರುಗಿತು, ಮೆರವಣಿಗೆಗಳಾದವು. ದಲ್ಲಾಳಿಗಳ ಮೂಲಕ ಕೂಲಿಗಳನ್ನು ಹಿಂಡುವುದರ ವಿರುದ್ಧ ಅಲ್ಲಿ 2016ರಿಂದಲೇ ಕಠಿಣ ಕಾನೂನು ಇತ್ತು ಎಂಬುದನ್ನೂ ಹೇಳಬೇಕು. ಕಾನೂನು ಇದ್ದರೂ ಹೊಲದವರೆಗೆ ಅದು ತಲುಪುವುದಿಲ್ಲ. ಇದು ನಮಗೇನೂ ಹೊಸತಲ್ಲ.

ಕಾಗದ ಸರಿಯಿದ್ದರೆ ಬದುಕು ಬೇರೆಯೇ. ಉತ್ತರದ ಪೋ ನದಿ ಬಯಲಿನಲ್ಲಿ ಪಾರ್ಮಿಜಾನೊ ಎಂಬ ಹೆಸರಾಂತ ಚೀಸಿಗೆ ಹಾಲು ಕೊಡುವ ದನಗಳನ್ನು ನೋಡಿಕೊಳ್ಳುವವರಲ್ಲಿ ಪಂಜಾಬಿಗಳೇ ಬಹಳ. ಅಲ್ಲಿ ಮನೆ ಮಾಡಿದ್ದಾರೆ, ಮಕ್ಕಳನ್ನು ಶಾಲೆಗೆ ಕಳಿಸುತ್ತಿದ್ದಾರೆ, ನೊವೆಲ್ಲಾರಾದಲ್ಲಿ ಗುರುದ್ವಾರ ಕಟ್ಟಿದ್ದಾರೆ.

ಗಲ್ಫಿನ ಇಕಾಮಾದಂತೆ ಇಟಲಿಯಲ್ಲಿ 'ಪೆರ್ಮೆಸ್ಸೊ' ಎಂಬ ವಾಸದ ಪರವಾನಿಗೆ. ಇಳಿದ 8 ಕೆಲಸದ ದಿನಗಳೊಳಗೆ ಅದಕ್ಕೆ ಓಡಾಟ ಶುರುಮಾಡಬೇಕು. ಆಮೇಲೆ ಬೆರಳಚ್ಚಿಗೆ ಪೊಲೀಸ್ ಕಚೇರಿಯ ಸಾಲು. ಕಾರ್ಡು ಕೈಗೆ ಬರಲು ತಿಂಗಳುಗಟ್ಟಲೆ ಹಿಡಿಯುತ್ತದೆ. ನವೀಕರಣಕ್ಕೆ ಕೊಟ್ಟು ಬರೀ ರಶೀದಿ ಕೈಯಲ್ಲಿದ್ದಾಗ ಊರಿಗೆ ಬರುವವರು ಟಿಕೆಟ್ ನೋಡಿ ತೆಗೆಯಬೇಕು. ಫ್ರಾಂಕ್‌ಫರ್ಟ್, ಪ್ಯಾರಿಸ್ ಮೂಲಕ ಬಂದರೆ ತೊಂದರೆ. ದೋಹಾ, ದುಬೈ ಮೂಲಕವೇ ಬರಬೇಕು. ಊರೊಳಗಿನ ರೈಲಿಗೆ ಕಾಗದದ ಟಿಕೆಟ್ ತೆಗೆದರೆ ಸಾಲದು, ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ಮುದ್ರೆ ಒತ್ತಿಸಬೇಕು. ಇಲ್ಲದಿದ್ದರೆ ಹಣ ಕೊಟ್ಟವನಿಗೂ ದಂಡ! ಆಗಸ್ಟ್ 15 ಅವರಿಗೂ ರಜೆ, ಅದರ ಹಿಂದೆ ಮುಂದೆ ವಾರಗಟ್ಟಲೆ ಅಂಗಡಿ, ಕಾರ್ಖಾನೆ ಬಂದ್. ಆಗ ಯಾವ ಕೆಲಸವೂ ಆಗುವುದಿಲ್ಲ. ಇನ್ನೊಂದು ವಿಷಯ ಕೇಳಿದರೆ ನಮ್ಮ ಮನೆಯ ಹೆಂಗಸರು ಖುಷಿಪಟ್ಟಾರು: ಮನೆಯ ಶೌಚಾಲಯದಲ್ಲಿ ತೊಳೆದುಕೊಳ್ಳಲು ನೀರಿನ ಬಿಡೆ ಇರಲೇಬೇಕೆಂದು ಇಟಲಿಯಲ್ಲಿ 1975ರಿಂದ ನಿಯಮವಿದೆ. ಯುರೋಪಿನಲ್ಲಿ ಇಂತಹ ಊರು ಅಪರೂಪ.

ಈಗ ಮಸೀದಿಯ ವಿಷಯ. ರೋಮಿನಲ್ಲಿ 1995ರಲ್ಲಿ ತೆರೆದ ದೊಡ್ಡ ಮಸೀದಿಯಿದೆ. ಆದರೆ ಬೇರೆ ಊರುಗಳಲ್ಲಿ ಹೆಚ್ಚಿನ ಕಡೆ ನಮಾಝ್ ನಡೆಯುವುದು ಹಳೇ ಗೋದಾಮು, ಗ್ಯಾರೇಜುಗಳಲ್ಲಿ, 'ಸಾಂಸ್ಕೃತಿಕ ಕೇಂದ್ರ' ಎಂಬ ಬೋರ್ಡಿನಡಿ. ಇಟಲಿ ಸರಕಾರ ಯೆಹೂದಿ, ಬೌದ್ಧ, ಹಿಂದೂ ಸಂಘಟನೆಗಳೊಂದಿಗೆ ಒಪ್ಪಂದ ಮಾಡಿಕೊಂಡಿದೆ. ಮುಸ್ಲಿಮರೊಂದಿಗೆ ಇನ್ನೂ ಇಲ್ಲ. ಅವರಲ್ಲೇ ಒಕ್ಕೊರಲಿನ ಸಂಘಟನೆ ಇಲ್ಲದಿರುವುದೂ ಇದಕ್ಕೊಂದು ಕಾರಣ. ನಮ್ಮ ಜಮಾಅತ್‌ಗಳ ಜಗಳ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೊನ್‌ಫಾಲ್ಕೊನೆ ಎಂಬ ಪುಟ್ಟ ಬಂದರು ಊರು ಇದಕ್ಕೆ ಉದಾಹರಣೆ. ಸುಮಾರು 30 ಸಾವಿರ ಜನ, ಅವರಲ್ಲಿ ಮೂವರಲ್ಲೊಬ್ಬ ವಿದೇಶಿ. ಅಲ್ಲಿನ ಹಡಗುಕಟ್ಟೆಯಲ್ಲಿ ಐಷಾರಾಮಿ ಹಡಗು ಕಟ್ಟಲು ಬಂದ ಬಂಗಾಳಿ ಮುಸ್ಲಿಮರೇ ಹೆಚ್ಚು. 2023ರ ನವೆಂಬರ್‌ನಲ್ಲಿ ಅಂದಿನ ಮೇಯರ್ ಅನ್ನಾ ಮರಿಯಾ ಚಿಸಿಂತ್ ಎರಡು ಕೇಂದ್ರಗಳಲ್ಲಿ ನಮಾಝ್ ನಿಲ್ಲಿಸಿದರು. ಕಟ್ಟಡದ ಪರವಾನಿಗೆ ಪ್ರಾರ್ಥನೆಗೆ ಅಲ್ಲ ಎಂಬುದು ಕೊಟ್ಟ ಕಾರಣ. ಹುಡುಗರು ಕ್ರಿಕೆಟ್ ಆಡಿದರೂ ದಂಡ ಬಿತ್ತು. ಇದೇ ಮೇಯರ್ 2024ರಲ್ಲಿ ಯುರೋಪ್ ಸಂಸತ್ತಿಗೆ ಗೆದ್ದರು. ಆದರೆ ಆ ಆದೇಶದ ವಿರುದ್ಧ ಸಾವಿರಾರು ಮಂದಿ ಬೀದಿಯಲ್ಲಿ ಶಾಂತವಾಗಿ ನಡೆದರು, ನ್ಯಾಯಾಲಯಕ್ಕೂ ಹೋದರು. ಗಲ್ಫಿನಲ್ಲಿ ಐದು ಹೊತ್ತೂ ಬಾಂಗ್ ಕೇಳುತ್ತದೆ, ಆದರೆ ಸಂಬಳ ಸಿಗದಿದ್ದರೆ ಬೀದಿಗಿಳಿಯುವ ಹಾಗಿಲ್ಲ. ಈ ಎರಡನ್ನೂ ತಕ್ಕಡಿಯಲ್ಲಿಟ್ಟು ನೋಡಬೇಕು.

ಪೌರತ್ವವೂ ಹಾಗೆಯೇ. ಗಲ್ಫಿನಲ್ಲಿ 30 ವರ್ಷ ದುಡಿದರೂ ನಾವು ಹೊರಗಿನವರು. ಇಟಲಿಯಲ್ಲಿ 10 ವರ್ಷ ಕಾನೂನುಬದ್ಧವಾಗಿ ಇದ್ದರೆ ಅರ್ಜಿ ಹಾಕಬಹುದು. ಅದನ್ನು 5ಕ್ಕೆ ಇಳಿಸಲು 2025ರ ಜೂನ್‌ನಲ್ಲಿ ಜನಮತ ನಡೆಯಿತು. ಮತ ಹಾಕಲು ಬಂದವರು 30 ಶೇಕಡಾದಷ್ಟು ಮಾತ್ರ. ಅರ್ಧಕ್ಕಿಂತ ಹೆಚ್ಚು ಬೇಕಿತ್ತು, ಹಾಗಾಗಿ ಬಿದ್ದುಹೋಯಿತು. ಅಲ್ಲೇ ಹುಟ್ಟಿದ ವಿದೇಶಿಯರ ಮಗು 18 ತುಂಬುವವರೆಗೆ ಕಾಯಬೇಕು.

ಪೌರತ್ವಕ್ಕಾಗಲಿ, ದೀರ್ಘಕಾಲದ ಪರವಾನಿಗೆಗಾಗಲಿ ಇಟಾಲಿಯನ್ ಭಾಷೆಯ ಪರೀಕ್ಷೆ ಪಾಸಾಗಬೇಕು. ಅಲ್ಲಿ ಇಂಗ್ಲಿಷ್ ಹೆಚ್ಚು ನಡೆಯುವುದಿಲ್ಲ, ಹಿಂದಿಯಂತೂ ಇಲ್ಲವೇ ಇಲ್ಲ. ಮನೆಯಲ್ಲಿ ಬ್ಯಾರಿ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಮದ್ರಸದಲ್ಲಿ ಅರಬಿ ಕಲಿತ ನಾಲಗೆಗೆ ಇನ್ನೊಂದು ಭಾಷೆ ಕಷ್ಟವಾಗದು. ಏಜೆಂಟನಿಗೆ ಮುಂಗಡ ಕೊಡುವ ಮೊದಲು ಮಾಲಕನ ಹೆಸರು, ಊರು, ಅಲ್ಲಿನ ಸರಕಾರ ಕೊಟ್ಟ ಅನುಮತಿ ಪತ್ರ ಕೇಳಿ ಪಡೆಯಲಿ. ಅದು ಬರುವವರೆಗಿನ ತಿಂಗಳುಗಳಲ್ಲಿ ಆ ಭಾಷೆಯ ಪಾಠ ಶುರುಮಾಡಲಿ.