ಇಮ್ಯುನಿಟಿ ಡಬ್ಬಿಯಲ್ಲಿ ಸಿಗುವುದಿಲ್ಲ

ಮಳೆಗಾಲ ಶುರುವಾದರೆ ಸಾಕು, ಸೀವುಡ್ಸ್‌ನ ನಮ್ಮ ಸೊಸೈಟಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಇಮ್ಯುನಿಟಿ ಹೆಚ್ಚಿಸುವ’ ಪುಡಿ, ಗುಳಿಗೆ, ಕಷಾಯಗಳ ಜಾಹೀರಾತು ಬರತೊಡಗುತ್ತವೆ. ಹುಬ್ಬಳ್ಳಿಯ ಬಂಧು-ಬಳಗದ ಗುಂಪಿನಲ್ಲೂ ಇದೇ ಕಥೆ. ರೋಗನಿರೋಧಕ ಶಕ್ತಿ ಮೊಬೈಲ್ ಬ್ಯಾಟರಿಯ ಹಾಗೆ, ಎಷ್ಟು ಚಾರ್ಜ್ ಆದರೆ ಅಷ್ಟು ಒಳ್ಳೆಯದು ಎಂಬ ನಂಬಿಕೆ ಇದರ ಹಿಂದಿದೆ. ಪ್ರಾಣಿಲೋಕದ ಇತಿಹಾಸ ಬೇರೆಯದನ್ನೇ ಹೇಳುತ್ತದೆ.

ನಮ್ಮ ಖಾಡಿಯ ಕಾಂಡ್ಲಾ ಕೆಸರಿನಲ್ಲಿ ಓಡಾಡುವ ಏಡಿಯನ್ನೇ ನೋಡಿ. ಅದಕ್ಕೆ ನಮ್ಮಂತೆ ಪ್ರತಿಕಾಯಗಳಿಲ್ಲ. ರೋಗಾಣು ಒಳಹೊಕ್ಕರೆ ರಕ್ತದ ಕಣಗಳೇ ಅದನ್ನು ಸುತ್ತುವರಿದು ನುಂಗುತ್ತವೆ. ಪ್ರಾಣಿ ಜಾತಿಗಳಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಬೆನ್ನುಮೂಳೆ ಇಲ್ಲದವು. ಅವೆಲ್ಲ ಬದುಕಿರುವುದು ಪ್ರತಿಕಾಯಗಳಿಲ್ಲದೆಯೇ. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ಇಲ್ಯಾ ಮೆಚ್ನಿಕೋವ್ ನಕ್ಷತ್ರಮೀನಿನ ಪಾರದರ್ಶಕ ಮರಿಗೆ ಮುಳ್ಳು ಚುಚ್ಚಿ ನೋಡಿದರು. ಕಣಗಳು ಮುಳ್ಳನ್ನು ಮುತ್ತಿಕೊಂಡಿದ್ದವು. ಅಂಥದೇ ನುಂಗುವ ಕಣಗಳು ನಮ್ಮ ರಕ್ತದಲ್ಲೂ ಇವೆ.

ಸುಮಾರು 50 ಕೋಟಿ ವರ್ಷಗಳ ಹಿಂದೆ, ದವಡೆಯುಳ್ಳ ಮೀನುಗಳ ಕಾಲಕ್ಕೆ, ಇದರ ಮೇಲೆ ಇನ್ನೊಂದು ಪದರ ಬಂತು: ವೈರಿಯ ಗುರುತು ಹಿಡಿದು ನೆನಪಿಟ್ಟುಕೊಳ್ಳುವ ವ್ಯವಸ್ಥೆ. ಚಳಿಗಾಲದಲ್ಲಿ ನಮ್ಮ ಕೆರೆಗಳಿಗೆ ಇಳಿಯುವ ಫ್ಲೆಮಿಂಗೊಗಳಲ್ಲೂ ಅದು ಇದೆ. ಪ್ರತಿಕಾಯ ತಯಾರಿಸುವ ‘ಬಿ’ ಕಣಗಳಿಗೆ ಆ ಹೆಸರು ಬಂದದ್ದೇ ಹಕ್ಕಿಗಳ ದೇಹದ ‘ಬರ್ಸಾ’ ಎಂಬ ಅಂಗದಿಂದ. ಆದರೆ ಹೊಸತು ಬಂದಿತೆಂದು ಹಳೆಯದು ಹೋಗಲಿಲ್ಲ. ಹಳೆಯ ಪದರ ಎಚ್ಚರಿಸದಿದ್ದರೆ ಹೊಸದು ಸರಿಯಾಗಿ ಕೆಲಸಕ್ಕೇ ಇಳಿಯುವುದಿಲ್ಲ. ಹಳೆಯ ಕೋಡ್ ಅಳಿಸದೆ ಅದರ ಮೇಲೆ ಕಟ್ಟುತ್ತಾ ಹೋಗುವ ನಮ್ಮ ವೃತ್ತಿಯವರಿಗೆ ಇದು ಬೇಗ ಅರ್ಥವಾದೀತು.

ಈ ಕಥೆಯಲ್ಲಿ ‘ಹೆಚ್ಚು’ ಎಂಬುದಕ್ಕಿಂತ ‘ಹದ’ ಎಂಬುದೇ ಮುಖ್ಯ. ನಿಪಾ ವೈರಸ್ ಹೊತ್ತ ಬಾವಲಿ ಅದರಿಂದ ಕಾಯಿಲೆ ಬೀಳುವುದಿಲ್ಲ. ಅದರ ದೇಹ ಉರಿಯೂತವನ್ನು ಹಿಡಿತದಲ್ಲಿಡುವುದು ಇದಕ್ಕೊಂದು ಮುಖ್ಯ ಕಾರಣ. ಕೋವಿಡ್ ಉಲ್ಬಣಿಸಿದ ಅನೇಕರಲ್ಲಿ ಶ್ವಾಸಕೋಶಕ್ಕೆ ಪೆಟ್ಟು ಕೊಟ್ಟದ್ದು ಸ್ವಂತ ರಕ್ಷಣಾ ವ್ಯವಸ್ಥೆಯ ಅತಿರೇಕವೇ. ಅಲರ್ಜಿಯೂ, ರುಮಟಾಯ್ಡ್ ಸಂಧಿವಾತವೂ ಕಾವಲುಗಾರ ಮನೆಯವರನ್ನೇ ಹೊಡೆದಂತೆ. ಹಾಗಿರುವಾಗ ಸುಮ್ಮನೆ ‘ಬೂಸ್ಟ್’ ಮಾಡುವುದೆಂದರೆ ಏನನ್ನು?

ನಾವು ನಿಜವಾಗಿ ಮಾಡಬಹುದಾದದ್ದು ಆ ನೆನಪಿನ ಪದರಕ್ಕೆ ಪಾಠ ಹೇಳುವುದು. ಅದರ ದೊಡ್ಡ ಅಧ್ಯಾಯವೊಂದು ಬರೆಯಲ್ಪಟ್ಟದ್ದು ಇದೇ ಮುಂಬೈಯಲ್ಲಿ. ಒಡೆಸ್ಸಾದಲ್ಲಿ ಮೆಚ್ನಿಕೋವ್ ಶಿಷ್ಯರಾಗಿದ್ದ ವಾಲ್ಡೆಮರ್ ಹಾಫ್‌ಕಿನ್, ಪ್ಲೇಗ್ ಲಸಿಕೆಯನ್ನು ಇಲ್ಲಿ ತಯಾರಿಸಿ 1897ರ ಜನವರಿ 10ರಂದು ಮೊದಲು ತಾವೇ ಚುಚ್ಚಿಸಿಕೊಂಡರು. ಮರುವರ್ಷ ಪ್ಲೇಗ್ ಬಡಿದ ನಮ್ಮ ಹುಬ್ಬಳ್ಳಿಯಲ್ಲಿ ಅದನ್ನು ದೊಡ್ಡ ಪ್ರಮಾಣದಲ್ಲಿ ಹಾಕಲಾಯಿತು. ಪರೇಲ್‌ನ ಹಾಫ್‌ಕಿನ್ ಸಂಸ್ಥೆ ಇಂದಿಗೂ ಅವರ ಹೆಸರಿನಲ್ಲಿದೆ.

ಕಷಾಯ ಕುಡಿಯಬೇಡಿ ಎನ್ನುತ್ತಿಲ್ಲ. ಗಂಟಲಿಗೆ ಅದು ಹಿತವೇ. ಆದರೆ ಮಕ್ಕಳ ಲಸಿಕೆ ಕಾರ್ಡನ್ನು ಜೋಪಾನವಾಗಿಡುವ ನಾವು, ಊರಿನಲ್ಲಿರುವ ಅಪ್ಪ-ಅಮ್ಮನಿಗೆ ಫ್ಲೂ, ನ್ಯುಮೋನಿಯಾ ಲಸಿಕೆ ಬೇಕೇ ಎಂದು ವೈದ್ಯರನ್ನು ಒಮ್ಮೆಯೂ ಕೇಳುವುದಿಲ್ಲ. ಅವರಿಗೆ ಕೊರಿಯರ್‌ನಲ್ಲಿ ಪುಡಿ ಡಬ್ಬಿ ಕಳಿಸಿ ಕರ್ತವ್ಯ ಮುಗಿಯಿತೆಂದುಕೊಳ್ಳುತ್ತೇವೆ. ವಯಸ್ಸಾದಂತೆ ನೆನಪಿನ ಪದರವೂ ಸೊರಗುತ್ತದೆ. ಆಗಲೇ ಅದಕ್ಕೆ ಪಾಠ ಬೇಕಾಗುವುದು. ಮುಂದಿನ ಸಲ ಊರಿಗೆ ಹೋದಾಗ ಡಬ್ಬಿಯ ಬದಲು, ಅವರನ್ನು ವೈದ್ಯರಲ್ಲಿಗೆ ಕರೆದೊಯ್ಯಲು ಅರ್ಧ ದಿನ ಬಿಡುವು ಮಾಡಿಕೊಳ್ಳೋಣ.