ಬಿಯರ್ ಯಾತ್ರೆಗೆ ಚಟ್ನಿಪುಡಿ ಡಬ್ಬಿ

ನಮ್ಮ ಮನೆಯವರು ಜನವರಿಯಲ್ಲಿ ಬ್ಯಾಂಕಿನಿಂದ ನಿವೃತ್ತರಾದರು. ಇನ್ನೇನು ಕಾಶಿಗೋ, ಕೇದಾರಕ್ಕೋ ಅಂತ ಕೇಳಿದವರಿಗೆಲ್ಲ ಸುಮ್ಮನೆ ತಲೆಯಾಡಿಸುತ್ತಿದ್ದ ಮನುಷ್ಯ ಒಂದು ರಾತ್ರಿ ಊಟ ಆದಮೇಲೆ ಹಾಳೆಯೊಂದನ್ನು ತಂದು ನನ್ನ ಮುಂದಿಟ್ಟರು. ಐದು ದೇಶ, ಹದಿನಾಲ್ಕು ಊರು, ಹನ್ನೆರಡು ದಿನ. ಊರಿನ ಹೆಸರಿನ ಎದುರಿಗೆ ಅರಮನೆ, ಮ್ಯೂಸಿಯಂ ಏನೂ ಇಲ್ಲ. ಬರೀ ಬಿಯರಿನ ಹೆಸರುಗಳು.

ಮನೆಮಂದಿಯೆಲ್ಲ ಓದುವ ಜಾಗದಲ್ಲಿ ಇದೇನಮ್ಮಾ ಇದು ಅಂತ ನೀವು ಹುಬ್ಬೇರಿಸಬಹುದು. ಆದರೆ ಶನಿವಾರ ಸಂಜೆ ಫ್ರಿಜ್ಜಿನಲ್ಲಿ ಮೊಸರಿನ ಪಾತ್ರೆಯ ಹಿಂದೆ ಒಂದು ಬಾಟಲಿ ಇರುವ ಮನೆ ನಮ್ಮದೊಂದೇ ಅಲ್ಲ. ಇವರು ಕುಡಿಯುವುದು ವಾರಕ್ಕೆ ಆ ಒಂದೇ. ಓದುವುದು ಮಾತ್ರ ಮೂವತ್ತು ವರ್ಷದಿಂದ, ದಿನಾ. ಬಾರ್ಲಿ ಎಲ್ಲಿಯದು, ನೀರು ಎಂಥದು, ಯಾವ ಮಠದ ಸನ್ಯಾಸಿಗಳು ಯಾವ ವರ್ಷ ಕುದಿಸಲು ಶುರು ಮಾಡಿದರು, ಎಲ್ಲಾ ಬಾಯಿಪಾಠ. ಸಂಗೀತ ಕಚೇರಿಗೆ ಹೋಗದೆ ಬರೀ ರಾಗಲಕ್ಷಣ ಓದಿಕೊಂಡವರ ಹಾಗೆ.

ನನಗೆ ಆ ಹಾಳೆ ನೋಡಿ ನಗು ಬರಲಿಲ್ಲ. ನನ್ನ ದೊಡ್ಡಣ್ಣ ಕುಡಿತದಿಂದಲೇ ಹೋದ. ಆಗ ಅವನಿಗೆ ನಲವತ್ತಾರು. ನಮ್ಮ ತವರಿನಲ್ಲಿ ಬಾಟಲಿ ಒಂದು ದಿನವೂ ಊಟದ ಜಾಗಕ್ಕೆ ಬಂದದ್ದಿಲ್ಲ. ಅದು ಸ್ಕೂಟರಿನ ಡಿಕ್ಕಿಯಲ್ಲಿ ಇರುತ್ತಿತ್ತು, ನೀರಿನ ಟ್ಯಾಂಕಿನ ಹಿಂದೆ ಇರುತ್ತಿತ್ತು, ಕೊನೆಕೊನೆಗೆ ಹಾಸಿಗೆಯ ಕೆಳಗೆ. ಅಮ್ಮ ಬಟ್ಟೆ ಮಡಿಸುವ ನೆಪದಲ್ಲಿ ಹುಡುಕುತ್ತಿದ್ದಳು. ಇವರಿಗೆ ಅದೆಲ್ಲ ಗೊತ್ತು. ಅದಕ್ಕೇ ಮದುವೆಯಾದ ಇಪ್ಪತ್ತಾರು ವರ್ಷ ಈ ಆಸೆಯನ್ನು ಬಾಯಿಬಿಟ್ಟು ಹೇಳಿರಲಿಲ್ಲ. "ನಿಂಗೆ ಬೇಡ ಅನ್ಸಿದ್ರೆ ಬೇಡ, ಸಿಕ್ಕಿಮ್‌ಗೆ ಹೋಗೋಣ" ಅಂದರು. ಎರಡು ದಿನ ಯೋಚನೆ ಮಾಡಿ, "ಬರ್ತೀನಿ ರೀ, ಆದ್ರೆ ಯೋಜನೆ ನಂದು" ಅಂದೆ.

ಮೊದಲು ಕತ್ತರಿ. ಬೆಲ್ಜಿಯಂ ಹೋಯಿತು. ಅಲ್ಲಿನ ಮಠದ ಬಿಯರುಗಳ ಹೆಸರು ದೊಡ್ಡದು, ಮತ್ತೂ ಅಷ್ಟೇ ದೊಡ್ಡದು. ವೆಸ್ಟ್‌ವ್ಲೆಟರೆನ್ ಎಂಬ ಊರಿನ ಮಠದ 12 ಅನ್ನುವ ಬಿಯರಿನಲ್ಲಿ ಆಲ್ಕೋಹಾಲ್ ಶೇ. 10.2. ನಮ್ಮಲ್ಲಿ 'ಸ್ಟ್ರಾಂಗ್' ಅಂತ ಮಾರುವುದೇ ಶೇ. 8ರ ಒಳಗಿನದು. ಆಮೇಲೆ ಕೊಲೋನ್ ಹೋಯಿತು. ಅಲ್ಲಿ 200 ಮಿಲಿಯ ಸಣ್ಣ ಲೋಟ, ನಿಜ. ಆದರೆ ಖಾಲಿಯಾದ ಲೋಟದ ಮೇಲೆ ನೀವು ಕೋಸ್ಟರ್ ಮುಚ್ಚುವ ತನಕ ಬಡಿಸುವವನು ಹೊಸದು ತಂದಿಡುತ್ತಲೇ ಇರುತ್ತಾನೆ. ಮದುವೆ ಮನೆಯಲ್ಲಿ ಎಲೆಗೆ ಕೈ ಅಡ್ಡ ಹಿಡಿಯುವ ತನಕ ಹೋಳಿಗೆ ಬೀಳುವ ಹಾಗೆ. ಇವರಿಗೆ ಕೈ ಅಡ್ಡ ಹಿಡಿಯಲು ಬರುವುದಿಲ್ಲ ಎಂದು ಹೋಳಿಗೆಯ ವಿಷಯದಲ್ಲಿ ನನಗೆ ಚೆನ್ನಾಗಿ ಗೊತ್ತು.

ಅಕ್ಟೋಬರ್‌ಫೆಸ್ಟ್ ಕೂಡ ಬೇಡ ಅಂದೆ. ಇದಕ್ಕೆ ಸ್ವಲ್ಪ ಜಗಳವಾಯಿತು. 1810ರಲ್ಲಿ ಬವೇರಿಯದ ಯುವರಾಜನ ಮದುವೆಯ ಸಂಭ್ರಮವಾಗಿ ಶುರುವಾದ ಹಬ್ಬ. ಹೆಸರು ಅಕ್ಟೋಬರಿನದಾದರೂ ಈಗ ಬಹುಪಾಲು ನಡೆಯುವುದು ಸೆಪ್ಟೆಂಬರಿನಲ್ಲಿ. ಒಂದು ಮಗ್ ಎಂದರೆ ಪೂರ್ತಿ ಒಂದು ಲೀಟರು, ಅದೂ ಮಾಮೂಲಿಗಿಂತ ಗಟ್ಟಿಯಾದ ಬಿಯರು. ಆ ಹದಿನಾರು ದಿನ ಮ್ಯೂನಿಕ್‌ನಲ್ಲಿ ಹೋಟೆಲ್ ರೂಮಿನ ಬಾಡಿಗೆ ಕೇಳಿದರೆ ಕುಡಿಯದೆಯೇ ತಲೆ ತಿರುಗುತ್ತದೆ. ದಸರಾ ಜಂಬೂಸವಾರಿಯ ದಿನ ಮೈಸೂರನ್ನು ನೆಮ್ಮದಿಯಾಗಿ ನೋಡಲು ಆಗುತ್ತದೆಯೇ? ಜೂನ್ ಮೊದಲ ವಾರ ಗೊತ್ತು ಮಾಡಿದೆ. ರಾತ್ರಿ ಒಂಬತ್ತಕ್ಕೂ ಬೆಳಕಿರುವ ಕಾಲ.

ಉಳಿದದ್ದು ಎರಡು ದೇಶ, ನಾಲ್ಕು ಊರು: ಪ್ರಾಗ್, ಪಿಲ್ಸೆನ್, ಬಾಂಬರ್ಗ್, ಮ್ಯೂನಿಕ್. ಹನ್ನೆರಡು ರಾತ್ರಿ. ಎಲ್ಲವೂ ರೈಲಿನಲ್ಲಿ. ಕಾರು ಬಾಡಿಗೆಗೆ ತೆಗೆದುಕೊಳ್ಳುವ ಮಾತೇ ಇಲ್ಲ, ಚೆಕ್ ದೇಶದಲ್ಲಿ ಸ್ಟೀರಿಂಗ್ ಹಿಡಿದವರ ರಕ್ತದಲ್ಲಿ ಆಲ್ಕೋಹಾಲ್ ಸೊನ್ನೆ ಇರಬೇಕು. ಜಗತ್ತಿನಲ್ಲಿ ತಲೆಗೆ ಅತಿ ಹೆಚ್ಚು ಬಿಯರ್ ಕುಡಿಯುವ ದೇಶ ಅದು, ಕಾನೂನು ಮಾತ್ರ ಹೀಗೆ. ನನಗೆ ಆ ದೇಶದ ಮೇಲೆ ಗೌರವ ಬಂದದ್ದು ಇದನ್ನು ಓದಿದ ಮೇಲೆ.

ಪ್ರಾಗ್‌ನಿಂದ ಪಿಲ್ಸೆನ್‌ಗೆ ರೈಲಿನಲ್ಲಿ ಒಂದೂವರೆ ಗಂಟೆ. ಈ ಊರಿನ ಕಥೆ ನನಗೆ ಹಿಡಿಸಿತು. 1838ರಲ್ಲಿ ಊರಿನ ಬಿಯರ್ ಎಷ್ಟು ಕೆಟ್ಟಿತ್ತೆಂದರೆ ಜನ ಸಿಟ್ಟಿಗೆದ್ದು ಮೂವತ್ತಾರು ಪೀಪಾಯಿಗಳನ್ನು ಪುರಭವನದ ಎದುರಿಗೇ ಸುರಿದರಂತೆ. ಆಮೇಲೆ ಬಿಯರ್ ಮಾಡುವ ಹಕ್ಕಿದ್ದ ನಾಗರಿಕರೆಲ್ಲ ಸೇರಿ ತಮ್ಮದೇ ಭಟ್ಟಿ ಕಟ್ಟಿದರು, ಬವೇರಿಯದಿಂದ ಯೋಸೆಫ್ ಗ್ರೋಲ್ ಎಂಬುವನನ್ನು ಕರೆಸಿದರು. ಊರಿನ ಮೆದು ನೀರು, ತಿಳಿ ಬಣ್ಣಕ್ಕೆ ಒಣಗಿಸಿದ ಬಾರ್ಲಿ, ಹತ್ತಿರದ ಝಾಟೆಟ್ಸ್ ಸೀಮೆಯ ಹಾಪ್ಸ್ ಹೂವು. 1842ರ ಅಕ್ಟೋಬರ್ 5ರಂದು ಅವನು ಕುದಿಸಿದ್ದೇ ಇವತ್ತು ಪ್ರಪಂಚದ ತುಂಬ ಕುಡಿಯುವ ಹೊಂಬಣ್ಣದ ಬಿಯರಿನ ಮೂಲ. ನಮ್ಮ ಬೆಂಗಳೂರಿನ ಬಾಟಲಿಯೂ ಅದೇ ವಂಶದ್ದು. ಆ ಭಟ್ಟಿಯ ನೆಲಮಾಳಿಗೆಯಲ್ಲಿ ಈಗಲೂ ಓಕ್ ಪೀಪಾಯಿಯಿಂದ, ಸೋಸದೆ ಕುದಿಸದೆ ಒಂದೊಂದು ಲೋಟ ಕೊಡುತ್ತಾರೆ. ಇವರ ಮೂವತ್ತು ವರ್ಷದ ಓದು ಮುಟ್ಟಬೇಕಾದ ಜಾಗ ಅದು. ಆ ಟಿಕೆಟ್ಟನ್ನು ಎಲ್ಲಕ್ಕಿಂತ ಮೊದಲು ಮಾಡಿಸಿದೆ, ಮಧ್ಯಾಹ್ನದ ಊಟ ಆದಮೇಲಿನ ಹೊತ್ತಿಗೆ. ಖಾಲಿ ಹೊಟ್ಟೆಯಲ್ಲಿ ಏನೂ ಇಲ್ಲ, ಅದು ನನ್ನ ಕಾಯಿದೆ.

ಚೆಕ್ ಬಿಯರಿನ ಮೇಲೆ 10, 12 ಅಂತ ಡಿಗ್ರಿ ಬರೆದಿರುತ್ತದೆ. ಹೌಹಾರಬೇಡಿ. ಅದು ಕುದಿಸುವ ರಸದಲ್ಲಿದ್ದ ಸಕ್ಕರೆಯ ಅಳತೆ, ಆಲ್ಕೋಹಾಲಿನದಲ್ಲ. ಹನ್ನೆರಡು ಡಿಗ್ರಿ ಅಂದರೆ ಹೆಚ್ಚುಕಡಿಮೆ ಶೇ. 5. ಪಿಲ್ಸೆನ್‌ನ ಮೂಲ ಬಿಯರು ಶೇ. 4.4 ಮಾತ್ರ.

ಕುಡಿಯದ ನಾನು ಏನು ಮಾಡಲಿ? ಇದು ಮುಖ್ಯವಾದ ಪ್ರಶ್ನೆ, ಗಂಡಸರು ಮಾಡುವ ಪಟ್ಟಿಯಲ್ಲಿ ಇರುವುದೇ ಇಲ್ಲ. ಪಿಲ್ಸೆನ್‌ನ ಚರ್ಚಿನ ಗೋಪುರ ನೂರಾ ಎರಡು ಮೀಟರು, ಆ ದೇಶದಲ್ಲೇ ಎತ್ತರದ್ದು. ಮಂಡಿ ಒಪ್ಪಿದಷ್ಟು ಹತ್ತುತ್ತೇನೆ. ಕೋಫೋಲಾ ಅಂತ ಅಲ್ಲಿಯದೇ ಗಿಡಮೂಲಿಕೆಯ ಸಿಹಿ ಪಾನೀಯವಿದೆ, ಆಲ್ಕೋಹಾಲ್ ಇಲ್ಲದ ಬಿಯರೂ ಎಲ್ಲ ಕಡೆ ಸಿಗುತ್ತದೆ. ಬಾಂಬರ್ಗ್ ಅಂತೂ ನನಗೇ ಬೇಕಾದ ಊರು. ವಿಶ್ವ ಪರಂಪರೆಯ ಪಟ್ಟಿಗೆ 1993ರಲ್ಲೇ ಸೇರಿದ್ದು. ಹಳೆಯ ಪುರಭವನ ಹೊಳೆಯ ನಡುವೆ ನಿಂತಿದೆ. ಅದಕ್ಕಿಂತ ಹೆಚ್ಚಾಗಿ, ಪಟ್ಟಣದ ಮಧ್ಯದಲ್ಲೇ ತಲೆತಲಾಂತರದ ತರಕಾರಿ ತೋಟಗಳಿವೆ. ಬಾಂಬರ್ಗ್‌ನವರಿಗೆ 'ಈರುಳ್ಳಿ ತುಳಿಯುವವರು' ಅಂತಲೇ ಅಡ್ಡಹೆಸರು. ಇವರು ಲೋಟದ ಮುಂದೆ ಕೂತಿರುವಾಗ ನಾನು ತೋಟ ನೋಡಿಕೊಂಡು ಬರುತ್ತೇನೆ.

ಇವರು ಅಲ್ಲಿ ಕುಡಿಯಲಿರುವುದು ಹೊಗೆ ಬಿಯರು. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸುತ್ತಾರೆ. ನಾವು ಮಗುವಿಗೆ ರಾಗಿ ಮಾಲ್ಟ್ ಮಾಡುವುದಿಲ್ಲವೇ, ಅಲ್ಲಿಯ ತನಕ ಎರಡೂ ಒಂದೇ. ಒಣಗಿಸುವುದು ಮಾತ್ರ ಬೀಚ್ ಮರದ ಸೌದೆಯ ಬೆಂಕಿಯ ಮೇಲೆ, ಹೊಗೆಯೆಲ್ಲ ಕಾಳಿಗೆ ಹತ್ತುವ ಹಾಗೆ. ಹಿಂದೆ ಸೌದೆಯಲ್ಲಿ ಒಣಗಿಸುವ ಕಡೆಯೆಲ್ಲ ಹೀಗೇ ಹೊಗೆ ಹತ್ತುತ್ತಿತ್ತು. ಹೊಗೆ ತಾಗದ ಒಲೆಗಳು ಬಂದಮೇಲೆ ಮಿಕ್ಕವರು ಬಿಟ್ಟರು, ಶ್ಲೆಂಕರ್ಲಾ, ಸ್ಪೆಝಿಯಾಲ್ ಎಂಬ ಎರಡು ಮನೆಗಳು ಬಾಂಬರ್ಗ್‌ನಲ್ಲಿ ಬಿಡಲಿಲ್ಲ. ತಂಗಿಯ ಮಗ ಮ್ಯೂನಿಕ್‌ನಲ್ಲಿ ಕೆಲಸದಲ್ಲಿದ್ದಾನೆ, ಅವನು ಕುಡಿದು ನೋಡಿದ್ದಾನೆ. "ದೊಡ್ಡಮ್ಮಾ, ಅಜ್ಜಿ ಮನೇಲಿ ಸೌದೆ ಒಲೆ ಮೇಲೆ ಹೊಗೆ ಹತ್ತಿದ ಹಾಲು ನೆನಪಿದ್ಯಾ, ಆ ಥರ" ಅಂದ. ಕೂಡಲೇ ಅರ್ಥವಾಯಿತು.

ಊಟದ ಚಿಂತೆ ದೊಡ್ಡದಿತ್ತು, ನಾವು ಸಸ್ಯಾಹಾರಿಗಳು. ಚೆಕ್ ಕಡೆ ಕರಿದ ಚೀಸ್, ಆಲೂಗೆಡ್ಡೆ ದೋಸೆಯಂಥ ಬ್ರಾಂಬೊರಾಕ್ ಇದೆ, ಹಂದಿ ಕೊಬ್ಬಿನಲ್ಲಿ ಕರಿದದ್ದೋ ಅಂತ ಕೇಳಿ ತಿನ್ನಬೇಕು. ಬವೇರಿಯದ ಆಲೂಗೆಡ್ಡೆ ಸಲಾಡಿಗೆ ಸಾಮಾನ್ಯವಾಗಿ ಮಾಂಸದ ಸಾರು ಹಾಕುತ್ತಾರೆ, ನೋಡಿದರೆ ಗೊತ್ತಾಗುವುದಿಲ್ಲ. ಆದರೆ ಅದೇ ಬವೇರಿಯದಲ್ಲಿ ನನ್ನ ಪಾಲಿಗೆ ಒಂದು ವರ ಇದೆ. ಬಿಯರ್ ತಂಪಾಗಿರಲಿ ಅಂತ ಭಟ್ಟಿಯವರು ನೆಲಮಾಳಿಗೆ ತೋಡಿ, ಮೇಲೆ ನೆರಳಿಗೆ ಚೆಸ್ಟ್‌ನಟ್ ಮರ ನೆಟ್ಟಿದ್ದರು. ಜನ ಆ ಮರದಡಿಯೇ ಕೂತು ಕುಡಿಯತೊಡಗಿದಾಗ ಊರಿನ ಹೋಟೆಲಿನವರು ಗೊಣಗಿದರು. 1812ರಲ್ಲಿ ರಾಜ ರಾಜಿ ಮಾಡಿದ: ಮರದಡಿ ಬಿಯರ್ ಮಾರಬಹುದು, ಬ್ರೆಡ್ಡು ಬಿಟ್ಟು ಬೇರೆ ಊಟ ಮಾರುವ ಹಾಗಿಲ್ಲ. ಜನ ಬುತ್ತಿ ಕಟ್ಟಿಕೊಂಡು ಬರಲು ಶುರು ಮಾಡಿದರು. ಈಗ ಅಲ್ಲೇ ಊಟವೂ ಸಿಗುತ್ತದೆ, ಬುತ್ತಿಯ ಪದ್ಧತಿಯೂ ಉಳಿದಿದೆ. ಬಟ್ಟೆ ಹಾಸದ ಮೇಜಿನಲ್ಲಿ ಕೂತು ಮನೆ ಊಟ ಬಿಚ್ಚಬಹುದು, ಕುಡಿಯುವುದನ್ನು ಮಾತ್ರ ಅವರಿಂದಲೇ ಕೊಳ್ಳಬೇಕು. ಮ್ಯೂನಿಕ್‌ನ ಹಿರ್ಷ್‌ಗಾರ್ಟನ್‌ನಲ್ಲಿ ಸುಮಾರು ಎಂಟು ಸಾವಿರ ಜನ ಕೂರುತ್ತಾರಂತೆ, ಅಜ್ಜಿ, ಮೊಮ್ಮಕ್ಕಳು, ನಾಯಿ ಸಮೇತ. ಉಪ್ಪು ಹಚ್ಚಿದ ಬಿಳಿ ಮೂಲಂಗಿ ಅಲ್ಲಿಯ ನೆಂಚಿಕೊಳ್ಳುವ ತಿಂಡಿ. ನಾನು ಚಪಾತಿ, ಚಟ್ನಿಪುಡಿ ಒಯ್ಯುತ್ತೇನೆ. (ತುಪ್ಪ, ಹಾಲಿನ ಸಿಹಿ ಪೆಟ್ಟಿಗೆಗೆ ಹಾಕಬೇಡಿ. ಹೊರಗಿನಿಂದ ಹಾಲು, ಮಾಂಸದ ಪದಾರ್ಥ ಒಯ್ಯಲು ಯುರೋಪಿನಲ್ಲಿ ಬಿಡುವುದಿಲ್ಲ.)

ನನಗೆ ನೋಡಬೇಕಾಗಿರುವುದು ಆ ಮೇಜನ್ನೇ. ಅಜ್ಜಿಯ ಎದುರಿಗೆ ಮೊಮ್ಮಗ ಲೋಟ ಇಟ್ಟುಕೊಂಡು ಕೂರುವುದು, ಮುಗಿದ ಮೇಲೆ ಎದ್ದು ಮನೆಗೆ ಹೋಗುವುದು. ಅಲ್ಲೂ ಕುಡಿದು ಹಾಳಾದವರು ಇರುತ್ತಾರೆ, ನಾನೇನು ಮಗುವಲ್ಲ. ಆದರೂ ಬಚ್ಚಿಡದ ಬಾಟಲಿಯನ್ನು ಒಮ್ಮೆ ಹತ್ತಿರದಿಂದ ನೋಡಬೇಕು ಅನ್ನಿಸಿದೆ. ಯಾಕೆ ಅಂತ ಇವರು ಕೇಳಲಿಲ್ಲ.

ಷರತ್ತುಗಳು ಬರೆದೇ ಆಗಿವೆ. ದಿನಕ್ಕೆ ಎರಡು ಅರ್ಧ ಲೀಟರು, ಅದೇ ಕೊನೆ. ಊರು ಬದಲಿಸುವ ದಿನ ಇಲ್ಲ. ಬಿ.ಪಿ. ಮಾತ್ರೆಯ ಬಗ್ಗೆ ಡಾಕ್ಟರನ್ನು ಇಬ್ಬರೂ ಹೋಗಿ ಕೇಳಿದೆವು. ಅವರು ಎರಡನ್ನೂ ಒಂದಕ್ಕೆ ಇಳಿಸಿದರೆ ಒಳ್ಳೆಯದು ಅಂದರು, ಇವರು ಕಿಟಕಿ ಕಡೆ ನೋಡಿದರು. ಈಗ ಒಂದೂವರೆಗೆ ಚೌಕಾಸಿ ನಡೆದಿದೆ. ವಿಮೆಯ ಪಾಲಿಸಿಯ ಸಣ್ಣಕ್ಷರ ಓದಿ: ಕುಡಿದಾಗ ಬಿದ್ದು ಕಾಲು ಮುರಿದರೆ ಹಣ ಕೊಡುವುದಿಲ್ಲ ಅಂತ ಸಾಮಾನ್ಯವಾಗಿ ಇರುತ್ತದೆ. ಷೆಂಗೆನ್ ವೀಸಾಕ್ಕೆ ಕನಿಷ್ಠ ಮೂವತ್ತು ಸಾವಿರ ಯೂರೊ ವಿಮೆ ಬೇಕೇಬೇಕು. ಹೆಚ್ಚು ರಾತ್ರಿ ಎಲ್ಲಿ ತಂಗುತ್ತೇವೋ ಆ ದೇಶದ ವೀಸಾ ಕೇಳಬೇಕು, ನಮಗೆ ಎಂಟು ರಾತ್ರಿ ಜರ್ಮನಿ. ಯೂರೊ ಜೊತೆಗೆ ಸ್ವಲ್ಪ ಚೆಕ್ ಕೊರುನಾ ಕೂಡ ಬೇಕು, ಅಲ್ಲಿಯ ದುಡ್ಡೇ ಬೇರೆ. ಬರುವಾಗ ಒಬ್ಬರಿಗೆ ಎರಡು ಲೀಟರ್ ತನಕ ಸುಂಕವಿಲ್ಲ. "ನಿಂದೂ ಎರಡು ಲೀಟರ್ ಇದೆಯಲ್ಲ" ಅಂತ ಇವರು ಈಗಲೇ ಲೆಕ್ಕ ಹಾಕಿದ್ದಾರೆ. ನನ್ನ ಪಾಲಿನ ತೂಕದಲ್ಲಿ ತಂಗಿಯ ಮಗ ಕೊಡಿಸುವ ಒಂದು ಬಾಣಲೆ ಬರುತ್ತದೆ, ಜಾಗ ಇಲ್ಲ ಅಂದೆ.

ಅತ್ತೆಗೆ ಹೇಳುವುದೊಂದು ಬಾಕಿ ಇತ್ತು. ಎಂಬತ್ತನಾಲ್ಕು ವರ್ಷ. "ಚರ್ಚು, ಅರಮನೆ ನೋಡೋಕೆ ಅಂತ ಹೇಳು" ಅಂದರು ಇವರು. ನಾನು ಒಪ್ಪಲಿಲ್ಲ. ಮುಚ್ಚಿಡುವುದಾದರೆ ನಾನು ಬರುವುದೇ ಇಲ್ಲ ಅಂದೆ. ಕೊನೆಗೆ ಮಗನೇ ಹೋಗಿ ಅಮ್ಮನ ಮಂಚದ ಅಂಚಿನಲ್ಲಿ ಕೂತು ತಡವರಿಸಿ ಹೇಳಿದ. ಅವರು ಜಪಸರ ಕೆಳಗಿಟ್ಟು, "ಅದಕ್ಕೆ ಅಷ್ಟು ದೂರ ಹೋಗ್ಬೇಕೇನೋ? ಶನಿವಾರ ಮೊಸರಿನ ಹಿಂದೆ ಇಡ್ತೀಯಲ್ಲ, ಸಾಲ್ದಾ?" ಅಂದರು. ಇವರ ಮುಖ ನೋಡಬೇಕಿತ್ತು. ಸಾವರಿಸಿಕೊಂಡು, "ಅಮ್ಮಾ, ಆಂಡೆಕ್ಸ್ ಅಂತ ಒಂದು ಬೆಟ್ಟ ಇದೆ, ಯಾತ್ರಾಸ್ಥಳ, ಸನ್ಯಾಸಿಗಳ ಮಠ, ಒಂದು ಗಂಟೆ ನಡೆದು ಹತ್ತಬೇಕು" ಅಂತ ಶುರು ಮಾಡಿದರು. ಅದು ಸುಳ್ಳಲ್ಲ. 1455ರಿಂದ ಇರುವ ಮಠ, ಜನ ಹರಕೆ ಹೊತ್ತು ಹತ್ತುತ್ತಾರೆ. ಬಿಯರ್ ಮಾಡುವವರೂ ಆ ಮಠದವರೇ ಅನ್ನುವುದನ್ನು ನಾನು ಸೇರಿಸಿದೆ. "ಸರಿ, ಬೆಟ್ಟ ಹತ್ತಿದ ಮೇಲೆ ಕುಡೀಲಿ, ಮುಂಚೆ ಬೇಡ" ಅಂದರು ಅತ್ತೆ. ಅದನ್ನೂ ಷರತ್ತಿನ ಹಾಳೆಗೆ ಬರೆದುಕೊಂಡಿದ್ದೇನೆ.

ವೀಸಾ ಕೇಂದ್ರದಲ್ಲಿ ಬೆರಳಚ್ಚು ಕೊಡಲು ಬರುವ ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ಕರೆದಿದ್ದಾರೆ. ಅರ್ಜಿಯ ಜೊತೆಗಿನ ಪತ್ರದಲ್ಲಿ ಪ್ರವಾಸದ ಉದ್ದೇಶ ಏನಂತ ಬರೆಯೋದು ಅಂತ ಇವರು ಮತ್ತೆ ಕೇಳಿದರು. ಇರುವುದನ್ನೇ ಬರೆದಿದ್ದೇನೆ, ಪಿಲ್ಸೆನ್‌ನ ಟಿಕೆಟ್ಟೂ ಲಗತ್ತಿಸಿದ್ದೇನೆ. ಫೋಟೊ ಇನ್ನೂ ತೆಗೆಸಬೇಕು.