ಹಳೆ ಹೆದ್ದಾರಿಯನ್ನು ಊರಿಗೆ ಬಿಟ್ಟುಕೊಡಿ

ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯನ್ನು ಪ್ರಧಾನಿ ಉದ್ಘಾಟಿಸಿದ್ದು 2023ರ ಮಾರ್ಚ್ 12ರಂದು, ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ. ಸುಮಾರು 118 ಕಿಲೋಮೀಟರ್ ಉದ್ದ, 8,480 ಕೋಟಿ ರೂಪಾಯಿ ವೆಚ್ಚ, ಬಿಡದಿಯಿಂದ ಶ್ರೀರಂಗಪಟ್ಟಣದವರೆಗೆ ಐದು ಬೈಪಾಸು. ಮೂರು ಗಂಟೆಯ ಹಾದಿ ಒಂದೂವರೆ ಗಂಟೆಗೆ ಇಳಿಯಿತು. ಮದ್ದೂರು, ಮಂಡ್ಯ ಪೇಟೆಗಳಲ್ಲಿ ಅಂದಿನಿಂದ ಕೇಳುವುದು ಒಂದೇ ಮಾತು: 'ಯಾಪಾರ ಕೆಟ್ಟೋಯ್ತು.' ಹೋಟೆಲಿನವರು ಹೇಳುತ್ತಾರೆ, ಎಳನೀರು ಕೊಚ್ಚುವವರು ಹೇಳುತ್ತಾರೆ, ಪಂಕ್ಚರ್ ಅಂಗಡಿಯವರು ಹೇಳುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಅದಕ್ಕೆ ಪರಿಹಾರವೆಂದು ನಮ್ಮ ಮುಂದಾಳುಗಳು ಹಿಡಿದಿರುವ ದಾರಿ ತಪ್ಪು, ಮತ್ತು ಆ ತಪ್ಪಿನಲ್ಲಿ ಅಮೂಲ್ಯವಾದ ಕಾಲ ಕಳೆದುಹೋಗುತ್ತಿದೆ.

ಕೇಳುತ್ತಿರುವುದು ಏನನ್ನು? ಹೊಸ ರಸ್ತೆಯಿಂದ ಊರೊಳಗೆ ಇಳಿಯಲು ಇನ್ನಷ್ಟು ಕಡೆ ದಾರಿ ಬಿಡಿ, ಕಾರುಗಳು ಮತ್ತೆ ಮದ್ದೂರಿನೊಳಗೆ ಬರಲಿ, ಮಂಡ್ಯದ ಹೋಟೆಲುಗಳ ಮುಂದೆ ಮತ್ತೆ ಸಾಲುಗಟ್ಟಲಿ ಎಂದು. ಬೆಂಗಳೂರಿನಿಂದ ಒಂದೂವರೆ ಗಂಟೆಯಲ್ಲಿ ಮೈಸೂರು ಮುಟ್ಟುವವನು ನಡುವೆ ಹಸಿದುಕೊಳ್ಳುವುದೇ ಇಲ್ಲ. ಅವನಿಗಾಗಿ ದಾರಿ ತೆರೆದರೂ ಅವನು ಇಳಿಯುವುದು ಅಪರೂಪ. ಇದಕ್ಕಿಂತ ದೊಡ್ಡ ಆಕ್ಷೇಪ ಇನ್ನೊಂದಿದೆ. ರಸ್ತೆ ತೆರೆದ ಮೊದಲ ತಿಂಗಳುಗಳಲ್ಲೇ ಅದರ ಮೇಲೆ ಎಷ್ಟು ಹೆಣ ಬಿದ್ದವು ಎಂಬುದನ್ನು ಈ ಜಿಲ್ಲೆಯ ಜನ ಕಣ್ಣಾರೆ ಕಂಡಿದ್ದಾರೆ. ನೂರು ಕಿಲೋಮೀಟರ್ ವೇಗದ ರಸ್ತೆಗೆ ಕಂಡಕಂಡಲ್ಲಿ ಬಾಯಿ ತೆರೆಯಿರಿ ಎನ್ನುವುದು ಅಂಗಡಿಯ ಗಲ್ಲಾಪೆಟ್ಟಿಗೆಗಾಗಿ ಪ್ರಾಣವನ್ನು ಪಣಕ್ಕಿಡುವ ಮಾತು. ಫಲಕ ಹಾಕಿ, ಇರುವ ದಾರಿಗಳನ್ನು ಸರಿಯಾಗಿ ತೋರಿಸಿ ಎಂದು ಕೇಳುವುದು ನ್ಯಾಯ. ಅದರಾಚೆಗಿನದು ಬೇಡ.

ದಾರಿ ಬದಲಾದಾಗ ವ್ಯಾಪಾರ ಹೇಗೆ ಬದುಕುತ್ತದೆ ಎಂಬುದಕ್ಕೆ ಮದ್ದೂರು ವಡೆಯ ಚರಿತ್ರೆಯನ್ನೇ ನೋಡಿ. ಆ ವಡೆ ಹುಟ್ಟಿದ್ದು ಹೆದ್ದಾರಿಯಲ್ಲಿ ಅಲ್ಲ, ರೈಲು ನಿಲ್ದಾಣದಲ್ಲಿ. ಕುಂದಾಪುರದ ಕಡೆಯಿಂದ ಬಂದ ರಾಮಚಂದ್ರ ಬುಧ್ಯ ಎಂಬವರು 1917ರಲ್ಲಿ ಮದ್ದೂರು ನಿಲ್ದಾಣದಲ್ಲಿ ಅದನ್ನು ಮೊದಲು ಮಾಡಿದರು, ರೈಲು ಬೇಗ ಬಂದುಬಿಟ್ಟಾಗ ಉಂಡೆಯನ್ನು ಅಂಗೈಯಲ್ಲಿ ತಟ್ಟಿ ಎಣ್ಣೆಗೆ ಬಿಟ್ಟರು ಎಂದು ಊರಿನವರು ಹೇಳಿಕೊಂಡು ಬಂದಿದ್ದಾರೆ. ಆಗ ರೈಲು ಇಲ್ಲಿ ನಿಲ್ಲುತ್ತಿತ್ತು, ಜನಕ್ಕೆ ಇಳಿದು ತಿನ್ನುವ ಪುರುಸೊತ್ತು ಇತ್ತು. ಹೊಗೆಬಂಡಿ ಹೋಯಿತು, ಮೀಟರ್ ಗೇಜ್ ಹೋಯಿತು, ನಿಲುಗಡೆ ಚಿಕ್ಕದಾಯಿತು. ವಡೆ ಸಾಯಲಿಲ್ಲ, ರಸ್ತೆಬದಿಗೆ ಬಂತು. 1987ರಲ್ಲಿ ಮದ್ದೂರು ಟಿಫಾನೀಸ್ ಹೋಟೆಲು ಹೆದ್ದಾರಿ ಪಕ್ಕ ತೆರೆದ ಮೇಲೆ ಒಂದು ಇಡೀ ತಲೆಮಾರಿಗೆ ಮದ್ದೂರು ಎಂದರೆ ಕಾರು ನಿಲ್ಲಿಸುವ ಜಾಗ ಎಂದೇ ಆಯಿತು. ಈಗ ಆ ಕಾಲವೂ ಮುಗಿಯುತ್ತಿದೆ. ಇದೇ ವಡೆ ಇವತ್ತು ಬೆಂಗಳೂರಿನ ಬೇಕರಿಗಳಲ್ಲಿ ಪ್ಯಾಕೆಟ್ಟಿನಲ್ಲಿ ಸಿಗುತ್ತದೆ, ಅದರಲ್ಲಿ ಮದ್ದೂರಿನವರಿಗೆ ಬರುವ ಪಾಲು ಎಷ್ಟು ಎಂದು ಯಾರೂ ಕೇಳಿಲ್ಲ. ಕಾರುಗಳನ್ನು ವಾಪಸು ಕರೆಯುವ ಗಲಾಟೆಯಲ್ಲಿ ಈ ಪ್ರಶ್ನೆ ಮುಳುಗಿಹೋಗಿದೆ.

ಹೆದ್ದಾರಿ ಮಾಡಿದ ಅನ್ಯಾಯ ಇಲ್ಲವೆಂದಲ್ಲ. ಕಬ್ಬಿನ ಗದ್ದೆ, ತೆಂಗಿನ ತೋಟ ಕೊಟ್ಟವರು ಈ ಜಿಲ್ಲೆಯ ರೈತರು. ಅವರ ಟ್ರ್ಯಾಕ್ಟರಿಗೆ ಆ ರಸ್ತೆಯ ಮೇಲೆ ಜಾಗವಿಲ್ಲ. 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್, ಎತ್ತಿನಗಾಡಿಗಳನ್ನು ಮುಖ್ಯ ರಸ್ತೆಯಿಂದ ಹೊರಗಿಟ್ಟರು. ಸುರಕ್ಷತೆಯ ದೃಷ್ಟಿಯಿಂದ ಅದು ಸರಿಯೇ. ಆದರೆ ಹೊರಗಿಟ್ಟವರಿಗೆ ಓಡಾಡಲು ಕಡಿಯದೆ ಸಾಗುವ ಸರ್ವಿಸ್ ರಸ್ತೆ ಕೊಟ್ಟು ಆಮೇಲೆ ತಾನೇ ಈ ಕೆಲಸ ಮಾಡಬೇಕಾಗಿದ್ದು? ಹನಕೆರೆಯವರು, ಇಂಡುವಾಳಿನವರು ಹೆದ್ದಾರಿ ದಾಟಲು ಒಂದು ಅಂಡರ್‌ಪಾಸ್ ಕೊಡಿ ಎಂದು ಬೀದಿಗಿಳಿಯಬೇಕಾಯಿತು. ಗದ್ದೆ ಒಂದು ಕಡೆ, ಮನೆ ಒಂದು ಕಡೆ ಆದವನ ಸಂಕಟ ನಕ್ಷೆ ಬರೆದವರಿಗೆ ಹೊಳೆಯಲೇ ಇಲ್ಲ. ಗಣಂಗೂರಿನಲ್ಲಿ 2023ರ ಜುಲೈ 1ರಿಂದ ಟೋಲ್ ವಸೂಲಿ ಮಾತ್ರ ನೆನಪಿಟ್ಟುಕೊಂಡು ಶುರುವಾಯಿತು.

ನಾವು ಕಳೆದುಕೊಂಡ ಇನ್ನೊಂದು ಇದೆ. ಅದರ ಬಗ್ಗೆ ವ್ಯಾಪಾರಿಗಳೂ ಮಾತಾಡುವುದಿಲ್ಲ, ರಾಜಕಾರಣಿಗಳಂತೂ ಮಾತಾಡುವುದೇ ಇಲ್ಲ. ಕಾವೇರಿ ವಿಷಯ ಬಂದಾಗಲೆಲ್ಲ ಮಂಡ್ಯದ ರೈತ ಕುಳಿತುಕೊಳ್ಳುತ್ತಿದ್ದದ್ದು ಹೆದ್ದಾರಿಯ ಮೇಲೆ. ಸಂಜಯ ವೃತ್ತದಲ್ಲಿ, ವಿಶ್ವೇಶ್ವರಯ್ಯನವರ ಪ್ರತಿಮೆಯ ಬಳಿ, ಜಿ. ಮಾದೇಗೌಡರಂಥ ಹಿರಿಯರ ಮುಂದಾಳತ್ವದಲ್ಲಿ ಎಷ್ಟು ವರ್ಷ, ಎಷ್ಟು ಧರಣಿ! ಮಂಡ್ಯ ಕೂತರೆ ಬೆಂಗಳೂರು–ಮೈಸೂರು ಓಡಾಟ ನಿಲ್ಲುತ್ತಿತ್ತು, ಓಡಾಟ ನಿಂತರೆ ವಿಧಾನಸೌಧಕ್ಕೆ ಕಿವಿ ಕೇಳಿಸುತ್ತಿತ್ತು. ಈಗ ಅದೇ ವೃತ್ತದಲ್ಲಿ ಕುಳಿತರೆ ಅಡ್ಡಿಯಾಗುವುದು ನಮ್ಮದೇ ಊರಿನ ಶಾಲೆ ಮಕ್ಕಳಿಗೆ, ನಮ್ಮದೇ ತರಕಾರಿ ಗಾಡಿಗೆ. ರಾಜ್ಯದ ಅಧಿಕಾರ ಬೈಪಾಸಿನಲ್ಲಿ ತೊಂದರೆಯಿಲ್ಲದೆ ಹಾದುಹೋಗುತ್ತದೆ. ಊರಿನ ವ್ಯಾಪಾರದ ಜೊತೆಗೆ ಊರಿನ ದನಿಯನ್ನೂ ಆ ಬೈಪಾಸು ಪಕ್ಕಕ್ಕೆ ಸರಿಸಿದೆ. 1938ರಲ್ಲಿ ಧ್ವಜ ಸತ್ಯಾಗ್ರಹ ನಡೆದ ಶಿವಪುರ ಇರುವುದು ಮದ್ದೂರಿನಲ್ಲೇ. ದನಿ ಎತ್ತುವುದು ಈ ನೆಲಕ್ಕೆ ಹೊಸದಲ್ಲ, ಎಲ್ಲಿ ನಿಂತು ಎತ್ತಬೇಕು ಎಂಬುದನ್ನು ಮಾತ್ರ ಹೊಸದಾಗಿ ಕಂಡುಕೊಳ್ಳಬೇಕಾಗಿದೆ.

ಇನ್ನು ಪೇಟೆ ಯಾರಿಂದ ಬದುಕುತ್ತದೆ ಎಂಬ ಮುಖ್ಯ ವಿಷಯ. ಮಂಡ್ಯ ಪೇಟೆಯನ್ನು ಕಟ್ಟಿದ್ದು ಹಾದುಹೋಗುವ ಕಾರುಗಳಲ್ಲ. ಕನ್ನಂಬಾಡಿ ಕಟ್ಟೆಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಬಂತು, ಗದ್ದೆಗೆ ಕಬ್ಬು ಬಂತು, ದಿವಾನ ಮಿರ್ಜಾ ಇಸ್ಮಾಯಿಲ್ ಮತ್ತು ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಅವರ ಒತ್ತಾಸೆಯಿಂದ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ, ಅಂದರೆ ಮೈಷುಗರ್, ಸ್ಥಾಪನೆಯಾಯಿತು. ಮಂಡ್ಯ ಜಿಲ್ಲೆಯಾಗಿದ್ದು 1939ರ ಜುಲೈ 1ರಂದು, ಅಂದರೆ ಸಕ್ಕರೆ ಬಂದ ಮೇಲೆ. ಕಬ್ಬಿನ ಬಟವಾಡೆ ಕೈಗೆ ಬಂದ ವಾರ ಪೇಟೆಬೀದಿಯ ಬಟ್ಟೆಯಂಗಡಿ, ಚಿನ್ನದಂಗಡಿಗಳಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ ಎಂದು ಹಳಬರು ಹೇಳುತ್ತಾರೆ. ಪೇಟೆಯ ನಿಜವಾದ ಕುಸಿತ ಶುರುವಾದದ್ದು ಮೈಷುಗರ್ ವರ್ಷಗಟ್ಟಲೆ ನಿಂತಾಗ, ಕಬ್ಬು ಒಣಗಿ ಗದ್ದೆಯಲ್ಲೇ ಬೆಂಕಿ ಕಂಡಾಗ, ಬೆಲ್ಲದ ಆಲೆಮನೆಗಳು ಒಂದೊಂದಾಗಿ ಒಲೆ ಆರಿಸಿದಾಗ. ಆಗ ಹೊಸ ಹೆದ್ದಾರಿ ಇರಲಿಲ್ಲ. ಎಲ್ಲ ಕಾರುಗಳೂ ಊರೊಳಗೇ ಹೋಗುತ್ತಿದ್ದವು. ಆದರೂ ಅಂಗಡಿ ಸೊರಗಿತು. ರೈತನ ಜೇಬಿಗೂ ಪೇಟೆಯ ಗಲ್ಲಾಕ್ಕೂ ಇರುವ ನಂಟನ್ನು ಮರೆತು ಟೋಲ್ ರಸ್ತೆಯ ಮೇಲೆ ಎಲ್ಲ ದೂರು ಹೊರಿಸುವುದು ಸುಲಭ, ಅದರಿಂದ ಒಂದು ಅಂಗಡಿಯೂ ಉಳಿಯುವುದಿಲ್ಲ.

ಇವತ್ತಿನ ಗಿರಾಕಿ ಬರುವುದು ಬಸ್ಸಿನಲ್ಲಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗಿನಿಂದ ಹಳ್ಳಿಯ ಹೆಣ್ಣುಮಕ್ಕಳು ಟಿಕೆಟ್ಟಿನ ಚಿಂತೆಯಿಲ್ಲದೆ ತಾಲ್ಲೂಕು ಕೇಂದ್ರಕ್ಕೆ ಬರುತ್ತಿದ್ದಾರೆ. ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಗಳು, ಸ್ತ್ರೀಶಕ್ತಿ ಸಂಘದ ಸಾಲ ಕಟ್ಟಲು ಬಂದವಳು, ಮಗುವನ್ನು ಡಾಕ್ಟರಿಗೆ ತೋರಿಸಲು ಬಂದವಳು: ಇವರೇ ಈಗ ಪೇಟೆಯ ಬಂಡವಾಳ. ಇವರಿಗಾಗಿ ನಾವು ಏನು ಮಾಡಿದ್ದೇವೆ? ನಿಲ್ದಾಣದಿಂದ ಅಂಗಡಿಬೀದಿಗೆ ನಡೆಯಲು ನೆಟ್ಟಗಿನ ಫುಟ್‌ಪಾತ್ ಇಲ್ಲ, ಶುಚಿಯಾದ ಶೌಚಾಲಯ ಇಲ್ಲ, ಬಿಸಿಲಿಗೆ ಕೂರಲು ನೆರಳಿಲ್ಲ. ಹೊಸ ಹೆದ್ದಾರಿ ಹಿಡಿದ ಬಸ್ಸುಗಳಲ್ಲಿ ಟಿಕೆಟ್ಟಿನ ಮೇಲೆ ಹದಿನೈದಿಪ್ಪತ್ತು ರೂಪಾಯಿ ಬಳಕೆ ಶುಲ್ಕ ಸೇರಿಸಿದ ಸಾರಿಗೆ ನಿಗಮ, ಎಲ್ಲ ಹೊತ್ತಿನಲ್ಲೂ ಮದ್ದೂರಿನೊಳಗೆ ಬಂದು ಹೋಗುವ ಬಸ್ಸುಗಳಿಗೆ ಖಚಿತ ವೇಳಾಪಟ್ಟಿ ಪ್ರಕಟಿಸಿ ಅದಕ್ಕೆ ಬದ್ಧವಾಗಿರಬೇಕು. 2022ರ ನವೆಂಬರ್ 11ರಂದು ವಂದೇ ಭಾರತ್ ರೈಲು ಮಂಡ್ಯದಲ್ಲಿ ನಿಲ್ಲದೆ ಓಡಲು ಶುರುಮಾಡಿದಾಗ ನಮಗೆ ನೋವಾಯಿತು. ಆದರೆ ದಿನವೂ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಸಂಜೆ ವಾಪಸು ಬಂದು ಇಲ್ಲೇ ತರಕಾರಿ ಕೊಳ್ಳುವ ಸಾವಿರಾರು ಜನರ ಮೆಮು, ಪ್ಯಾಸೆಂಜರ್ ರೈಲಿಗೆ ಎರಡು ಬೋಗಿ ಹೆಚ್ಚಿಸಿ ಎಂಬ ಕೂಗು ಅದಕ್ಕಿಂತ ಗಟ್ಟಿಯಾಗಿ ಕೇಳಬೇಕಿತ್ತು.

ಹಾಗಾದರೆ ಹಳೆ ಹೆದ್ದಾರಿ? ಊರೊಳಗೆ ಖಾಲಿಯಾಗಿ ಬಿದ್ದಿರುವ ಆ ಅಗಲವಾದ ರಸ್ತೆಯೇ ನಮಗೆ ಸಿಕ್ಕಿರುವ ದೊಡ್ಡ ಆಸ್ತಿ. ದಶಕಗಟ್ಟಲೆ ಲಾರಿಗೆ, ಕಾರಿಗೆ, ವೋಲ್ವೊ ಬಸ್ಸಿಗೆ ಬಿಟ್ಟುಕೊಟ್ಟ ಜಾಗ ಅದು. ದಾಟಲು ಹೆದರಿ ಮುದುಕರು ಆಚೆ ಬದಿಯ ಅಂಗಡಿಗೆ ಹೋಗುವುದನ್ನೇ ಬಿಟ್ಟಿದ್ದರು. ಬೈಪಾಸು ಬಂದ ಮೇಲೆ ಊರೊಳಗಿನ ತುಂಡನ್ನು ಒಮ್ಮೆ ಸುಧಾರಿಸಿ ರಾಜ್ಯಕ್ಕೆ ಹಸ್ತಾಂತರಿಸುವ ಪದ್ಧತಿ ರಾಷ್ಟ್ರೀಯ ಹೆದ್ದಾರಿ ಇಲಾಖೆಯಲ್ಲೇ ಇದೆ. ಆ ಸುಧಾರಣೆಯ ಹಣದಲ್ಲಿ ಡಾಂಬರು ಬಳಿದು ಕೈತೊಳೆದುಕೊಳ್ಳಲು ಬಿಡಬಾರದು. ನಾಲ್ಕು ಪಥದಲ್ಲಿ ಎರಡು ಸಾಕು. ಉಳಿದ ಅಗಲದಲ್ಲಿ ಮರ, ನಡೆಯುವ ದಾರಿ, ಸೈಕಲ್ಲಿಗೆ ಜಾಗ, ಕಟ್ಟೆ, ದೀಪ, ಗಾಡಿ ವ್ಯಾಪಾರಿಗೆ ಗುರುತು ಹಾಕಿದ ನೆಲೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪಟ್ಟಣ ಮಾರಾಟ ಸಮಿತಿ ಮಾಡಿ, ಐದು ವರ್ಷಕ್ಕೊಮ್ಮೆ ಸಮೀಕ್ಷೆ ಮಾಡಿ, ವ್ಯಾಪಾರಿಗೆ ಪ್ರಮಾಣಪತ್ರ ಕೊಡಿ ಎನ್ನುತ್ತದೆ. ಅದನ್ನು ಅಕ್ಷರಶಃ ನಡೆಸಿದರೆ ಸಾಕು. ಪೊಲೀಸರು ಬಂದಾಗ ತಕ್ಕಡಿ ಎತ್ತಿಕೊಂಡು ಓಡುವ ಅವಮಾನ ನಿಲ್ಲುತ್ತದೆ.

ಅಂಗಡಿಯ ಮುಂದೆ ಕಾರು ನಿಲ್ಲಿಸಲು ಜಾಗ ಹೋದರೆ ವ್ಯಾಪಾರ ಹೋಗುತ್ತದೆ ಎಂದು ದೊಡ್ಡ ಅಂಗಡಿಯವರು ಇದನ್ನು ವಿರೋಧಿಸುತ್ತಾರೆ. ಅವರ ಹೆದರಿಕೆ ನನಗೆ ಅರ್ಥವಾಗುತ್ತದೆ, ಒಪ್ಪಿಗೆಯಾಗುವುದಿಲ್ಲ. ಕಾರಿರುವ ಗಿರಾಕಿ ಆಗಲೇ ಮುಕ್ಕಾಲು ಗಂಟೆಯಲ್ಲಿ ಮೈಸೂರಿನ ಮಾಲ್ ಸೇರಿಕೊಂಡಿದ್ದಾನೆ. ಅವನಿಗಾಗಿ ಬಾಗಿಲು ಕಾಯುತ್ತಾ ನಡೆದು ಬರುವವರಿಗೆ ಜಾಗ ಕೊಡದಿದ್ದರೆ ಇಬ್ಬರೂ ಸಿಗುವುದಿಲ್ಲ.

ಇದಕ್ಕಿಂತ ದೊಡ್ಡ ಅಪಾಯ ಬೈಪಾಸಿನ ಅಂಚಿನಲ್ಲಿ ಬೆಳೆಯುತ್ತಿದೆ. ಲೇಔಟುಗಳು ಅಲ್ಲಿಗೆ ಓಡುತ್ತಿವೆ, ಅವುಗಳ ಹಿಂದೆ ಕಲ್ಯಾಣಮಂಟಪ, ಶೋರೂಮು, ಆಸ್ಪತ್ರೆ. ಇವತ್ತಲ್ಲ ನಾಳೆ ಯಾರಾದರೊಬ್ಬರು ತಾಲ್ಲೂಕು ಕಚೇರಿಯನ್ನೋ ಬಸ್ ನಿಲ್ದಾಣವನ್ನೋ ಜಾಗ ಸಾಲದು ಎಂದು ಅಲ್ಲಿಗೆ ಒಯ್ಯುವ ಮಾತೆತ್ತುತ್ತಾರೆ. ಅದಕ್ಕೆ ಈಗಲೇ ಬೇಡ ಎನ್ನಬೇಕು. ಸರ್ಕಾರಿ ಕಚೇರಿ, ನ್ಯಾಯಾಲಯ, ಬಸ್ ನಿಲ್ದಾಣ ಇವು ಪೇಟೆಯ ಬೇರು. ಇವನ್ನು ಕಿತ್ತು ಊರಾಚೆ ನೆಟ್ಟರೆ ಆ ಕಡೆ ಭೂಮಿ ಕೊಂಡಿಟ್ಟವರು ಕೊಬ್ಬುತ್ತಾರೆ, ಆರ್.ಪಿ. ರಸ್ತೆಯ, ವಿ.ವಿ. ರಸ್ತೆಯ ಸಣ್ಣ ಅಂಗಡಿಗಳು ಷಟರ್ ಎಳೆಯುತ್ತವೆ. ಹೆದ್ದಾರಿ ಮಾಡದ ಹಾನಿಯನ್ನು ನಾವೇ ಮಾಡಿಕೊಂಡಂತೆ ಆಗುತ್ತದೆ.

ಹೊಸ ಹೆದ್ದಾರಿಯಿಂದ ನಮಗೆ ಬರಬೇಕಾದ ಪಾಲೂ ಇದೆ. ಅದನ್ನು ದಾನವಾಗಿ ಅಲ್ಲ, ಹಕ್ಕಾಗಿ ಕೇಳಬೇಕು. ರಸ್ತೆಬದಿಯ ವಿಶ್ರಾಂತಿ ತಾಣಗಳನ್ನು ಹೆದ್ದಾರಿ ಪ್ರಾಧಿಕಾರ ಟೆಂಡರಿನಲ್ಲಿ ಕೊಡುತ್ತದೆ. ಎಕರೆಗಟ್ಟಲೆ ಜಾಗ, ಕೋಟಿಗಟ್ಟಲೆ ಠೇವಣಿ ಇರುವ ಟೆಂಡರಿಗೆ ಮದ್ದೂರಿನ ವಡೆ ಅಂಗಡಿಯವನು ಅರ್ಜಿ ಹಾಕಲಾರ. ಹಾಗಾಗಿ ಷರತ್ತಿನಲ್ಲೇ ಬರೆಯಬೇಕು: ಇಂತಿಷ್ಟು ಮಳಿಗೆ ಆ ತಾಲ್ಲೂಕಿನ ಸಹಕಾರ ಸಂಘಗಳಿಗೆ, ಸ್ವಸಹಾಯ ಗುಂಪುಗಳಿಗೆ, ಸಣ್ಣ ಹೋಟೆಲಿನವರಿಗೆ, ಕೈಗೆಟುಕುವ ಬಾಡಿಗೆಗೆ. ಮದ್ದೂರಿನ ಎಳನೀರು ಮಾರುಕಟ್ಟೆಯಿಂದ ಲಾರಿಗಳು ಮುಂಬೈ, ದೆಹಲಿಯವರೆಗೆ ಹೋಗುತ್ತವೆ. ಪಕ್ಕದ ಹೆದ್ದಾರಿಯ ತಾಣದಲ್ಲಿ ಮಾತ್ರ ಪ್ರಯಾಣಿಕನ ಕೈಗೆ ಕಂಪನಿಯ ಬಾಟಲಿ ಬರುವುದು ಸಹಿಸಬೇಕಾದ ಸಂಗತಿಯಲ್ಲ. ಮಂಡ್ಯದ ಬೆಲ್ಲಕ್ಕೂ, ಗೆಜ್ಜಲಗೆರೆ ಡೇರಿಯ ಹಾಲಿಗೂ, ಚನ್ನಪಟ್ಟಣದ ಬೊಂಬೆಗೂ ಇದೇ ಹಕ್ಕು.

ಮಳವಳ್ಳಿಯವರು ಇದನ್ನೆಲ್ಲ ದೂರದ ಸುದ್ದಿಯಂತೆ ನೋಡಬಾರದು. ಅವರಿಗೆ ರೈಲಿಲ್ಲ, ಇರುವುದು ಕನಕಪುರದಿಂದ ಕೊಳ್ಳೇಗಾಲಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ. ಅದರ ಅಗಲೀಕರಣ ವರ್ಷಗಟ್ಟಲೆ ಕುಂಟುತ್ತಾ ನಡೆದಿದೆ. ಮಾದಪ್ಪನ ಬೆಟ್ಟಕ್ಕೆ ಹೋಗುವವರು, ಗಗನಚುಕ್ಕಿ ನೋಡಲು ಬರುವವರು, ಮುತ್ತತ್ತಿಗೆ ಹೊರಟವರು ಎಲ್ಲರೂ ಮಳವಳ್ಳಿ ತಾಲ್ಲೂಕಿನಲ್ಲೇ ಹಾದುಹೋಗುತ್ತಾರೆ, ಪಟ್ಟಣದಲ್ಲಿ ಉಳಿಯುವ ಹಣ ಅತ್ಯಲ್ಪ. ಶಿವನಸಮುದ್ರದ ಕರೆಂಟು 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಹೋಯಿತು, ತಾಲ್ಲೂಕಿಗೆ ಅದರಿಂದ ಉದ್ಯಮ ಬರಲಿಲ್ಲ. ಮಳವಳ್ಳಿಗೆ ಈಗಲೂ ಸಮಯವಿದೆ. ರಸ್ತೆಯ ಕೆಲಸ ಮುಗಿಯುವ ಮೊದಲೇ ಬಸ್ ನಿಲ್ದಾಣ ಎಲ್ಲಿರಬೇಕು, ರೇಷ್ಮೆ ಗೂಡು ತಂದ ರೈತ ಎಲ್ಲಿ ಇಳಿಯಬೇಕು, ಸಂತೆ ಎಲ್ಲಿ ಸೇರಬೇಕು ಎಂದು ಊರವರು ತೀರ್ಮಾನಿಸಿ ಬರೆದುಕೊಡಬೇಕು. ಮದ್ದೂರಿನವರು ಇದನ್ನು ಮಾಡಲಿಲ್ಲ. ರಸ್ತೆ ತೆರೆದ ದಿನ ಹೂವಿನ ಮಳೆ ಸುರಿಯಿತು, ಮಾರನೆಯ ತಿಂಗಳು ಹೋಟೆಲು ಖಾಲಿಯಾಯಿತು.

ಸಂಸದ ಎಚ್.ಡಿ. ಕುಮಾರಸ್ವಾಮಿ 2024ರಲ್ಲಿ ಮಂಡ್ಯದಿಂದ ಗೆದ್ದು ಕೇಂದ್ರದ ಬೃಹತ್ ಕೈಗಾರಿಕೆ ಖಾತೆ ಹಿಡಿದರು. ಎನ್. ಚಲುವರಾಯಸ್ವಾಮಿ 2023ರಲ್ಲಿ ಜಿಲ್ಲಾ ಉಸ್ತುವಾರಿ ಸಚಿವರಾದರು. ಕಾರ್ಖಾನೆ ಯಾರು ತರಬೇಕು, ಜಾಗ ಯಾರು ಕೊಡಬೇಕು ಎಂದು ಎರಡೂ ಕಡೆಯವರು ಜಗಳವಾಡಿದ್ದನ್ನು ಜನ ನೋಡಿದ್ದಾರೆ. ಹಳೆ ಹೆದ್ದಾರಿಗೆ ಹೊಸ ಜಾಗ ಬೇಕಿಲ್ಲ, ಅದು ಈಗಾಗಲೇ ಊರ ನಡುವೆ ಇದೆ. ಕೇಂದ್ರದ ರಸ್ತೆಯನ್ನು ರಾಜ್ಯಕ್ಕೆ ಕೊಡಿಸುವುದು ಒಬ್ಬರ ಕೆಲಸ, ಕೊಟ್ಟದ್ದನ್ನು ಪೇಟೆಯಾಗಿ ಕಟ್ಟುವುದು ಇನ್ನೊಬ್ಬರ ಕೆಲಸ. ಹಸ್ತಾಂತರದ ಕಡತ ಎಲ್ಲಿದೆ, ಸುಧಾರಣೆಗೆ ಎಷ್ಟು ಹಣ, ಅದರ ನಕ್ಷೆಯನ್ನು ಯಾರು ಬರೆದರು ಎಂಬುದನ್ನು ಮಂಡ್ಯ ಮತ್ತು ಮದ್ದೂರಿನ ಸ್ಥಳೀಯ ಸಂಸ್ಥೆಗಳ ಮುಂದಿನ ಸಭೆಯಲ್ಲಿ ಸಾರ್ವಜನಿಕರ ಎದುರು ಮೇಜಿನ ಮೇಲೆ ಇಡಬೇಕು. ಬೀದಿ ವ್ಯಾಪಾರಿಗಳೂ ಬಸ್ಸಿನಲ್ಲಿ ಬರುವ ಹೆಣ್ಣುಮಕ್ಕಳೂ ಆ ಸಭೆಯಲ್ಲಿ ಕೂರುವಂತೆ ಅದನ್ನು ಸಂಜೆ ಇಡದೆ ಹಗಲು ಹೊತ್ತಿನಲ್ಲಿ, ನಿಲ್ದಾಣದ ಹತ್ತಿರವೇ ಕರೆಯಬೇಕು.